ಹಾಲಿನ ಜಾಹೀರಾತಿನ ಡ್ರೈವರ್

ಮಾರ್ಚ್ 5, ಮಂಗಳವಾರ

ಇವತ್ತೂ ಕಳ್ಳನ ಪಾರ್ಟು. ಮನೆಗೆ ಅಲಾರಂ ಹಾಕೋ ಕಂಪನಿಯ ಜಾಹೀರಾತು. ಕಿಟಕಿ ಒಡೀಬೇಕು, ಅಲಾರಂ ಹೊಡ್ಕೊಂಡ ತಕ್ಷಣ ಗೋಡೆ ಹಾರಿ ಓಡ್ಬೇಕು. ಒಳಗೆ ಸೋಫಾ ಮೇಲೆ ಬೆಳ್ಳಗಿನ ಗಂಡ, ಬೆಳ್ಳಗಿನ ಹೆಂಡ್ತಿ ನಗ್ತಾ ಕೂತಿರ್ತಾರೆ. ಮೇಕಪ್ ಹುಡುಗಿ ನನ್ನ ಮುಖ ತಿರುಗಿಸಿ ತಿರುಗಿಸಿ ನೋಡಿ, "ನಿಮಗೇನೂ ಬೇಡ ಬಿಡಿ, ಹಾಗೇ ಸರಿಯಾಗಿದೀರ" ಅಂದ್ಲು. ಪಾಪ, ಹೊಗಳ್ತಿದೀನಿ ಅಂದ್ಕೊಂಡೇ ಹೇಳಿದ್ದು.

ತಾಚೋನೂ ಇದ್ದ. ಅವನು ಎರಡನೇ ಕಳ್ಳ. ನನಗಿಂತ ಒಂದು ಕೋಟು ಬಣ್ಣ ಜಾಸ್ತಿ ಕಪ್ಪು, ಆದ್ರಿಂದ ಡೈಲಾಗ್ ಇಲ್ಲ.

"ಲೋ ಓದಿಲೋನ್, ನಿಂಗೆ ಪ್ರಮೋಷನ್ ಆಯ್ತಲ್ಲೋ, ಹೋದ್ಸಲ ಸೊಳ್ಳೆ ಕಚ್ಚಿಸ್ಕೊಳ್ಳೋನಾಗಿದ್ದೆ."

"ನೀನು?"

"ನಾನು ಸೊಳ್ಳೆ."

ನಕ್ವಿ. ನಗದೆ ಇನ್ನೇನು ಮಾಡೋದು. ಓಹಾಕಾ ಬೆಟ್ಟದಿಂದ ಈ ಮೆಕ್ಸಿಕೋ ನಗರಕ್ಕೆ ಬಂದು ನಾಟಕಶಾಲೆ ಸೇರಿದೋನು ನಾನು. ರಂಗದ ಮೇಲೆ ರಾಜನ ಪಾರ್ಟು ಮಾಡಿದೀನಿ, ಜನ ಎದ್ದು ನಿಂತಿದ್ರು. ಟಿವಿಯಲ್ಲಿ ಮಾತ್ರ ತೋಟದವನು, ಮೂಟೆ ಹೊರೋನು, ಕಳ್ಳ. ಸೋಪಿನ ಜಾಹೀರಾತಲ್ಲಿ "ಮೊದಲು" ಅನ್ನೋ ಮುಖ. "ಆಮೇಲೆ" ಅನ್ನೋದಕ್ಕೆ ಬೇರೆಯವರು.

ಮೂರು ಗಂಟೆಗೆ ಸ್ಕೂಲ್ ಗೇಟು. ಮಗಳು ಡೊಮಿ ಓಡಿ ಬಂದು, ಬ್ಯಾಗು ನೆಲಕ್ಕಿಟ್ಟು, ನನ್ನ ಕೈ ತಗೊಂಡು, ತಲೆ ಬಗ್ಗಿಸಿ, ಬೆರಳ ಮೇಲೆ ತುಟಿ ತಾಗಿಸಿದ್ಲು. ಆಮೇಲೆ "ಅಪ್ಪ, ತಿನ್ನೋಕೇನು ತಂದೆ?" ದಿನಾ ಇದೇ. ಈ ಒಂದು ಗಳಿಗೆ ನಾನು ಕಳ್ಳ ಅಲ್ಲ.


ಮಾರ್ಚ್ 8, ಶುಕ್ರವಾರ

ಸ್ಕೂಲಿಗೆ ರಜೆ. ಡೊಮೀನ ಏಜೆನ್ಸಿಗೆ ಕರ್ಕೊಂಡು ಹೋಗಿದ್ದೆ, ಬೇರೆ ದಾರಿ ಇರ್ಲಿಲ್ಲ. ಹೆಂಡ್ತಿ ರೆಬೆಕಾಗೆ ಹಲ್ಲಿನ ಡಾಕ್ಟರ್ ಹತ್ರ ಡ್ಯೂಟಿ.

ಚೇಲಾ ಹೊರಗೆ ಬಂದ್ಲು. ಮುಖ ಆರಿಸೋ ಕೆಲಸ ಅವಳದ್ದು, ಹತ್ತು ವರ್ಷದಿಂದ ನನ್ನ ಕಳ್ಳನ್ನ ಮಾಡ್ತಾ ಬಂದಿರೋಳು. ನನ್ನ ನೋಡ್ಲೇ ಇಲ್ಲ. ಡೊಮಿ ಮುಂದೆ ಕುಕ್ಕುರುಗಾಲಲ್ಲಿ ಕೂತು, "ಯಾರ ಮಗೂನಮ್ಮ ಇದು?" ಅಂದ್ಲು.

"ನಂದು."

ಚೇಲಾ ನಕ್ಕಳು. ಆಮೇಲೆ ನಗು ನಿಲ್ಲಿಸಿದ್ಲು. "ನಿಜವಾಗ್ಲೂ?"

ಡೊಮಿ ಅವಳಮ್ಮನ ಬಣ್ಣ. ರೆಬೆಕಾ ದೇಶದ ಉತ್ತರದ ಕಡೆಯೋಳು, ಬಿಸಿಲಿಗೆ ಕೆಂಪಾಗೋ ಜಾತಿ. ಮೂಗು ನಂದು, ಹಠ ನಮ್ಮಮ್ಮಂದು, ಆದ್ರೆ ಅದೆಲ್ಲ ಯಾರು ನೋಡ್ತಾರೆ. ಪಾರ್ಕಿನಲ್ಲಿ ನನ್ನ ತಡೆದು ಕೇಳಿದ್ದಾರೆ, ಈ ಮಗು ನಿಮ್ಮ ಹತ್ರ ಹೇಗೆ ಅಂತ. ಅದಕ್ಕೆ ಅಂತಾನೇ ಜನನ ಪತ್ರದ ಫೋಟೋ ಮೊಬೈಲಲ್ಲಿ ಇಟ್ಕೊಂಡಿದೀನಿ.


ಮಾರ್ಚ್ 13, ಬುಧವಾರ

ಚೇಲಾ ಫೋನು. ದೊಡ್ಡ ಹಾಲಿನ ಕಂಪನಿ. ಎಂಟು ವರ್ಷದ ಹುಡುಗಿ ಬೇಕು. "ಅಂತಾರಾಷ್ಟ್ರೀಯ ಲ್ಯಾಟಿನ್ ಮುಖ" ಅಂತ ಬರೆದು ಕಳಿಸಿದ್ದಾರಂತೆ. ಈ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಬೆಳ್ಳಗಿರಬೇಕು ಅಂತ ಬರೆಯೋಕೆ ನಾಚಿಕೆ, ಅದಕ್ಕೆ ಇದು. ಮೆಟ್ರೋ ಹತ್ತಿ ಈ ಕೊನೆಯಿಂದ ಆ ಕೊನೆಗೆ ಹೋದ್ರೂ ಅಂಥ ಮುಖ ಒಂದೂ ಸಿಗಲ್ಲ. ಮೆಟ್ರೋದಿಂದ ಇಳಿದು ತಲೆ ಎತ್ತಿ ನೋಡಿದ್ರೆ ಬೋರ್ಡುಗಳ ತುಂಬ ಅದೇ ಮುಖ.

"ಹೆಸರೇನಂದೆ ಬಂಗಾರ, ಡೊಮಿತಿಲಾ? ಅಜ್ಜಿ ಹೆಸರು ಥರ ಇದೆಯಲ್ಲ."

"ಅಜ್ಜಿ ಹೆಸರೇ."

"ಡೊಮಿನೀಕ್ ಅಂತ ಹಾಕ್ತೀನಿ ಬಿಡು."

ಬೇಡ ಅನ್ನೋಣ ಅಂದ್ಕೊಂಡೆ. ಡೊಮಿ ಪಕ್ಕದಲ್ಲಿ ನಿಂತು ಎರಡೂ ಕೈ ಜೋಡಿಸಿ ಕುಣೀತಿದ್ಲು. ಅವಳಿಗೆ ಅಪ್ಪನ ಥರ ಟಿವಿಯಲ್ಲಿ ಬರಬೇಕು. ಅಪ್ಪನ ಥರ! ಹೂಂ ಅಂದೆ.


ಮಾರ್ಚ್ 17, ಭಾನುವಾರ

ಊರಿಗೆ ಫೋನ್ ಮಾಡಿದ್ದೆ. ಅಮ್ಮನ ಕಣ್ಣಿನ ಪೊರೆ ಇನ್ನೂ ಬಲಿತಿದೆ. ಹೊಲಿಗೆ ಬಿಟ್ಲಂತೆ. ಆಪರೇಷನ್ ಅಂದ್ರೆ ಬೈತಾಳೆ.

ಕೊನೇಲಿ ಯಾವಾಗ್ಲೂ ಕೇಳೋ ಪ್ರಶ್ನೆ. "ನನ್ನ ಹೆಸರಿನೋಳು ಕೈ ತಗೊಳ್ತಾಳೇನೋ ಮಗಾ?"

"ದಿನಾ ತಗೊಳ್ತಾಳೆ ಕಣಮ್ಮ."

"ಹಂಗಾದ್ರೆ ಸರಿ."

ಅಮ್ಮ ನನ್ನಿಂದ ಕೇಳಿರೋದು ಇದೊಂದೇ. ದುಡ್ಡು ಕೇಳಲ್ಲ, ಪೂಜೆ ಪುನಸ್ಕಾರ ಕೇಳಲ್ಲ. ಚಿಕ್ಕ ವಯಸ್ಸಲ್ಲಿ ಅವಳು ಕಾಫಿ ತೋಟದ ಧಣಿ ಮನೆಯಲ್ಲಿ ಆಳು. ಬೆಳಗ್ಗೆ ಧಣಿ ಮಕ್ಕಳು ಎದ್ದು ಬಂದು ಕೈ ಚಾಚ್ತಿದ್ವಂತೆ, ಅಂಗೈ ಕೆಳಗೆ ಮಾಡ್ಕೊಂಡು. ನೆಟ್ಟಗೆ ಮಾತು ಬರದ ಕೂಸುಗಳು. ಆಳುಗಳೆಲ್ಲ ಸಾಲಾಗಿ ಬಗ್ಗಿ ಮುತ್ತು ಕೊಡಬೇಕು. ತಲೆ ನೆರೆತ ನಮ್ಮಜ್ಜೀನೂ ಆ ಸಾಲಲ್ಲಿ ಬಗ್ತಿದ್ಲು. ಅಮ್ಮ ಅದನ್ನ ನೋಡಿದೋಳು. ತೋಟ ಬಿಟ್ಟು ಬಂದ ದಿನ ಹೇಳಿದ್ಲಂತೆ, ಇನ್ನು ನನ್ನ ಮನೇಲಿ ಚಿಕ್ಕೋರು ದೊಡ್ಡೋರ ಕೈ ತಗೋಬೇಕು, ಬೇರೆ ಥರ ಯಾವತ್ತೂ ಆಗಕೂಡ್ದು ಅಂತ.

ಜಾಹೀರಾತಿನ ವಿಷಯ ಅವಳಿಗೆ ಹೇಳ್ಲಿಲ್ಲ.


ಮಾರ್ಚ್ 26, ಮಂಗಳವಾರ

ಡೊಮಿ ಸೆಲೆಕ್ಟ್. ಮನೆ ಹಾರಿ ಹೋಗೋ ಹಾಗೆ ಕಿರುಚಿದ್ಲು. ರೆಬೆಕಾ ಕೇಕ್ ತಂದ್ಲು.

ಸಂಜೆ ಚೇಲಾ ಮತ್ತೆ ಫೋನ್ ಮಾಡಿದ್ಲು. ಅಪ್ಪನ ಪಾರ್ಟು ಮಾಡೋಕೆ ಸ್ಪೇನ್ ಕಡೆಯ ಒಬ್ಬ ಮಾಡೆಲ್. ಅಮ್ಮನ ಪಾರ್ಟು ಮಾಡೋಕೆ ರೆನಾಟಾ ಅಂತ, ಬೋರ್ಡುಗಳಲ್ಲಿ ನೋಡಿರ್ತೀನಿ. ಇನ್ನು ಒಂದು ಪಾರ್ಟು ಬಾಕಿ ಇದೆ, ಡ್ರೈವರ್. ಸ್ಕೂಲಿಂದ ಹುಡುಗೀನ ಕರ್ಕೊಂಡು ಬರೋನು. ಕಾರಿನ ಬಾಗಿಲು ತೆಗೀಬೇಕು, ಅಷ್ಟೆ.

"ಮಗೂಗೂ ಧೈರ್ಯ ಇರುತ್ತೆ, ನೀನೂ ಅಲ್ಲೇ ಇರ್ತೀಯ. ನಿಂಗೋಸ್ಕರ ಜಗಳ ಆಡಿ ಇಟ್ಟಿದೀನಿ ಬಂಗಾರ. ಒಂದೇ ಮಾತು. ಅಪ್ಪ ಮಗಳು ಅಂತ ಅಲ್ಲಿ ಯಾರಿಗೂ ಗೊತ್ತಾಗಬಾರ್ದು."

"ಯಾಕೆ?"

"ಕಂಪನಿಯವರಿಗೆ ಸುಮ್ಮನೆ ಅನುಮಾನ ಬರುತ್ತೆ."

"ಏನಂತ?"

"ಅಯ್ಯೋ, ನಿಂಗೆ ಗೊತ್ತಿಲ್ವಾ? ಎಲ್ಲಾ ನನ್ನ ಬಾಯಿಂದಾನೇ ಹೇಳಿಸ್ತೀಯಾ?"

ಗೊತ್ತು. ಬೆಳ್ಳಗಿನ ಮಗು ಎಲ್ಲಿಂದ ಬಂತು ಅಂತ ಗೊತ್ತಾದ್ರೆ ಆ ಬಿಳುಪಿಗೆ ಬೆಲೆ ಇಳಿಯುತ್ತೆ. ನಾನು ಫೋನಿಟ್ಟೆ. ರೆಬೆಕಾ ಕೇಕ್ ಕತ್ತರಿಸೋದು ನಿಲ್ಲಿಸಿ ಕೇಳಿದ್ಲು, "ಮಾಡ್ತೀಯಾ?" ನೀನು ಹೇಳು ಅಂದೆ. ಅವಳು ಮತ್ತೆ ಕೇಕ್ ಕತ್ತರಿಸೋಕೆ ಶುರು ಮಾಡಿದ್ಲು. ಡೊಮಿ ಮಾತ್ರ ಕುಣಿದು ಕುಪ್ಪಳಿಸಿದ್ಲು — ಅಪ್ಪನೂ ನಾನೂ ಒಂದೇ ಜಾಹೀರಾತಲ್ಲಿ!

ಬೇರೆಯೋನು ಯಾಕೆ ತೆಗೀಬೇಕು ಅವಳ ಬಾಗಿಲು... ನಾನೇ ತೆಗೀತೀನಿ ಅಂದ್ಕೊಂಡೆ.


ಏಪ್ರಿಲ್ 6, ಶನಿವಾರ. ಬೆಳಗ್ಗೆ, ಸೆಟ್ಟಿನಲ್ಲಿ

ದೊಡ್ಡ ಬಂಗಲೆ. ಹುಲ್ಲು ಕೂಡ ಬಾಚಿಟ್ಟಂಗಿದೆ. ನನಗೆ ಕರೀ ಸೂಟು, ಟೋಪಿ. ಡೊಮಿ ಕೂದಲಿಗೆ ಇನ್ನೂ ಸ್ವಲ್ಪ ಹೊಂಬಣ್ಣ ಬಳಿದಿದ್ದಾರೆ. ಅಷ್ಟು ಬಿಳುಪೂ ಸಾಲಲಿಲ್ಲ ಅವರಿಗೆ.

ತಿಂಡಿಗೆ ಎರಡು ಟೇಬಲ್. ಯಾರೂ ಬೋರ್ಡ್ ಹಾಕಿಲ್ಲ, ಆದ್ರೆ ಎಲ್ಲರಿಗೂ ಗೊತ್ತು. ನಾನು ಲೈಟಿನ ಹುಡುಗರ ಜೊತೆ ಜೋಳದ ಕಡುಬು, ತಮಾಲ್ ತಿಂದೆ. ಆ ಕಡೆ ಹಣ್ಣು, ಚೀಸು. ಡೊಮಿ ಆ ಕಡೆಯಿಂದ ನನಗೆ ಕೈ ಬೀಸೋಕೆ ಹೋದ್ಲು, ಚೇಲಾ ಹೇಳಿದ ಮಾತು ನೆನಪಾಯ್ತು, ಕೈ ಕೆಳಗಿಳಿಸಿದ್ಲು. ದೇವರೇ, ಎಷ್ಟು ಚೆನ್ನಾಗಿ ಕಲಿತಿದ್ದಾಳೆ.


ಅದೇ ದಿನ, ಸಂಜೆ, ಮನೆ

ಬರೀಬೇಕು. ಬರೀದಿದ್ರೆ ನಾಳೆ ನಾನೇ ಇದನ್ನ ತಮಾಷೆ ಮಾಡಿ ತಾಚೋಗೆ ಹೇಳ್ತೀನಿ.

ಮೊದಲನೇ ಟೇಕ್. ಕಾರು ನಿಂತಿತ್ತು. ಬಾಗಿಲು ತೆಗೆದೆ. ಡೊಮಿ ಇಳಿದ್ಲು. ಬ್ಯಾಗು ನೆಲಕ್ಕಿಟ್ಟು, ನನ್ನ ಕೈ ತಗೊಂಡು, ತಲೆ ಬಗ್ಗಿಸಿ ತುಟಿ ತಾಗಿಸಿದ್ಲು. ಸ್ಕೂಲ್ ಗೇಟಲ್ಲಿ ದಿನಾ ಮಾಡೋ ಹಾಗೆ. ಬಾಗಿಲು, ಬ್ಯಾಗು, ಅಪ್ಪ... ಕೈ ತಾನಾಗೇ ಹೋಗಿದೆ ಮಗೂದು.

"ಕಟ್," ಅಂದ ಬೋಸ್ಕೋ. ಅವನೇ ಡೈರೆಕ್ಟರ್. "ಏನದು?"

ಡೊಮಿ ಮುಖ ಬಿಳಿಚ್ಕೊಂಡಿತು. ನನ್ನನ್ನ ನೋಡಿದ್ಲು, ತಕ್ಷಣ ನೋಡಬಾರದು ಅಂತ ಕಣ್ಣು ತೆಗೆದ್ಲು. ಕಂಪನಿಯ ಮೇಡಂ ಪ್ಲಾಸ್ಟಿಕ್ ಕುರ್ಚಿಯಿಂದ ಅಂದ್ರು, "ಎಷ್ಟು ಮುದ್ದು. ಆದ್ರೆ ಡ್ರೈವರ್ ಕೈಗೆ ಯಾಕೆ ಮುತ್ತು ಕೊಡ್ತಾಳೆ ಅವಳು?"

"ಕಾಲು ಎಡವಿತು ಅನ್ಸುತ್ತೆ, ಮೇಡಂ," ಅಂದೆ ನಾನು. ನಾನೇ ಅಂದಿದ್ದು.

ಬೋಸ್ಕೋ ಮೂಗು ತುರಿಸ್ಕೊಂಡು ಓಡಾಡಿದ. ಆಮೇಲೆ ನಿಂತ. "ಇಲ್ಲ ಇಲ್ಲ, ಇದರಲ್ಲಿ ಏನೋ ಇದೆ. ಇದನ್ನೇ ಉಲ್ಟಾ ಮಾಡೋಣ. ಹುಡುಗಿ ಇಳೀತಾಳೆ, ಕೈ ಚಾಚ್ತಾಳೆ, ಡ್ರೈವರ್ ಬಗ್ಗಿ ಮುತ್ತು ಕೊಡ್ತಾನೆ. ಪುಟ್ಟ ರಾಣಿ. ಮೇಡಂ?"

ಮೇಡಂ ಎದೆ ಮೇಲೆ ಕೈ ಇಟ್ಕೊಂಡ್ರು. ಅಷ್ಟು ಇಷ್ಟ ಆಯ್ತು.

"ಆಗುತ್ತಲ್ಲ, ಗುರು?" ಅಂದ ನನಗೆ. ಕೆಟ್ಟೋನಲ್ಲ. ನನ್ನ ಭುಜದ ಮೇಲೆ ಕೈ ಹಾಕಿಯೇ ಕೇಳಿದ.

ಆಗಲ್ಲ ಅನ್ನೋದಿತ್ತು. ಬಾಯಿವರೆಗೆ ಬಂದಿತ್ತು. ಯಾಕೆ ಆಗಲ್ಲ ಅಂತ ಕೇಳ್ತಿದ್ರು, ಆಗ ಅವಳು ನನ್ನ ಮಗಳು ಅನ್ನಬೇಕಾಗಿತ್ತು. ಅನ್ನೋದೇ ಆಗಿದ್ರೆ ಡೊಮೀನ ಆ ಕಾರಿಂದ ಇಳಿಸಿ, ಹೊಂಬಣ್ಣ ತೊಳೆಸಿ, ಮನೆಗೆ ಕರ್ಕೊಂಡು ಬರಬೇಕಾಗಿತ್ತು. ಮರದ ನೆರಳಲ್ಲಿ ರೆಬೆಕಾ ನಿಂತಿದ್ಲು, ಮಗುವಿನ ತಾಯಿ ಅಂತ. ನೆಲ ನೋಡ್ತಿದ್ಲು.

"ಆಗುತ್ತೆ ಸರ್," ಅಂದೆ.

ಎಷ್ಟು ಸಲ ಬಗ್ಗಿದೆನೋ. ಬೆಳಕು ಸರಿಯಿಲ್ಲ, ಟೋಪಿ ಬಿತ್ತು, ಇನ್ನೂ ಸ್ವಲ್ಪ ತಗ್ಗಿ, ಇನ್ನೂ ಸ್ವಲ್ಪ ನಗು. ಮೊದಲ ಸಲ ಡೊಮಿ ಕೈ ಹಿಂದಕ್ಕೆ ಎಳ್ಕೊಂಡ್ಲು. ಆಮೇಲೆ ಕಚಗುಳಿ ಅಂತ ಕಿಸಕ್ಕನೆ ನಕ್ಕಳು. ಕೊನೆಕೊನೆಗೆ ಚೆನ್ನಾಗಿ ಕಲಿತ್ಲು, ಅಂಗೈ ಕೆಳಗೆ, ಮಣಿಕಟ್ಟು ಸಡಿಲ. ಯಾರು ಹೇಳ್ಕೊಟ್ರು ಇವಳಿಗೆ? ಬೋಸ್ಕೋ ಹೇಳ್ಕೊಟ್ಟಿದ್ದಲ್ಲ.

ಮೆಟ್ರೋದಲ್ಲಿ ನನ್ನ ತೊಡೆ ಮೇಲೆ ತಲೆ ಇಟ್ಟು ಕೇಳಿದ್ಲು, "ಅಪ್ಪ, ನಾನು ತಪ್ಪು ಮಾಡಿದ್ನಾ?"

"ಇಲ್ಲ ಮರಿ."

"ಮತ್ತೆ ಯಾಕೆ ಉಲ್ಟಾ ಮಾಡಿಸಿದ್ರು?"

"ಅದು ನಾಟಕ."

"ಹಾಗಾದ್ರೆ ಅಜ್ಜಿಗೆ ಹೇಳಬಹುದಾ?"

ರೆಬೆಕಾ ಕಿಟಕಿ ಕಡೆ ಮುಖ ತಿರುಗಿಸಿದ್ಲು. ಸುರಂಗದಲ್ಲಿ ನೋಡೋಕೆ ಏನಿತ್ತು ಅವಳಿಗೆ.


ಏಪ್ರಿಲ್ 7, ಭಾನುವಾರ

ಊರಿಗೆ ಫೋನ್ ಮಾಡ್ಲಿಲ್ಲ.


ಜೂನ್ 10, ಸೋಮವಾರ

ಜಾಹೀರಾತು ಶುರುವಾಯ್ತು. ಒಂಬತ್ತು ಗಂಟೆ ಧಾರಾವಾಹಿ ಮಧ್ಯೆ. ಕಾರು, ಬಾಗಿಲು, ಬಿಳೀ ಕಾಲುಚೀಲ, ಚಾಚಿದ ಕೈ, ನನ್ನ ನೆತ್ತಿ. ಹೌದು, ನೆತ್ತಿ ಮಾತ್ರ. ಮುಖ ಕತ್ತರಿಸಿದ್ದಾರೆ. ಆಮೇಲೆ ರೆನಾಟಾ, ಹಾಲಿನ ಲೋಟ, ಸ್ಪೇನಿನ ಅಪ್ಪ. "ನಿಮ್ಮ ಮನೆಯಲ್ಲೂ ಇದ್ದಾಳೆ ಒಬ್ಬ ರಾಣಿ."

ನಮ್ಮ ಮನೆಯಲ್ಲೂ ಇದ್ದಾಳೆ, ನಿಜ. ಸೋಫಾ ಮೇಲೆ ನಿಂತು ಕುಣೀತಿದ್ದಾಳೆ.

ತಾಚೋ ಮೆಸೇಜು: "ಒಳ್ಳೇ ನೆತ್ತಿ ಕಣೋ. ಎಣ್ಣೆ ಕಂಪನಿಯವರು ಫೋನ್ ಮಾಡ್ತಾರೆ ನೋಡು." ನಗು ಬರ್ಲಿಲ್ಲ.


ಜೂನ್ 21, ಶುಕ್ರವಾರ

ಎಲ್ಲೆಲ್ಲೂ ಇದೇ ಆಗಿದೆ. ಸ್ಕೂಲಲ್ಲಿ ಮಕ್ಕಳು ಒಬ್ಬರಿಗೊಬ್ಬರು ಕೈ ಚಾಚ್ತಾರೆ, ಬಗ್ಗೋ ಪಾಳಿ ಯಾರದ್ದು ಅಂತ ಜಗಳ. ಕಪ್ಪಗಿರೋರೇ ಬಗ್ಗಬೇಕಂತೆ. ಮಕ್ಕಳೇ ಮಾಡ್ಕೊಂಡ ರೂಲು. ಟೀಚರ್ ಕೂಡ ಡೊಮೀನ ಬೆಂಚ್ ಮೇಲೆ ನಿಲ್ಸಿ ತೋರಿಸು ಅಂದ್ರಂತೆ. ದಿನಸಿ ಅಂಗಡಿಯ ದೋನ್ಯಾ ಎಲ್ಪಿದಿಯಾ ಬಗ್ಗಿ ಮುತ್ತು ಕೊಟ್ಟು ಮಿಠಾಯಿ ಕೊಡ್ತಾಳೆ. ಅಪ್ಪ ಇವನು ಅಂತ ಗೊತ್ತಿದ್ದೂ ನನ್ನ ಮುಂದೇನೇ. ತಮಾಷೆ ಅಲ್ವಾ, ಎಲ್ಲಾ ತಮಾಷೆ.

ಸ್ಕೂಲ್ ಗೇಟಲ್ಲಿ ಡೊಮಿ ನನ್ನ ಕೈ ತಗೊಳ್ಳೋದು ಯಾವತ್ತು ನಿಂತಿತು ಅಂತ ಗೊತ್ತಾಗ್ಲೇ ಇಲ್ಲ. ಇವತ್ತು ಗಮನಿಸಿದೆ. ಬ್ಯಾಗು ನನ್ನ ಕೈಗೆ ಕೊಟ್ಟು ಮುಂದೆ ಓಡಿದ್ಲು.


ಜುಲೈ 13, ಶನಿವಾರ

ರೆನಾಟಾ ಮಗಳ ಹುಟ್ಟುಹಬ್ಬ. ಸೆಟ್ಟಲ್ಲಿ ಡೊಮಿಗೂ ಆ ಹುಡುಗಿಗೂ ಗೆಳೆತನ. ನಾನೇ ಕರ್ಕೊಂಡು ಹೋದೆ. ಹೊಸ ಶರ್ಟು ಹಾಕ್ಕೊಂಡಿದ್ದೆ, ಇಸ್ತ್ರಿ ಮಾಡಿದ್ದು.

ಗೇಟಿನ ಸೆಕ್ಯೂರಿಟಿ ನಮ್ಮ ಕಡೆಯೋನೇ, ಮಾತಲ್ಲಿ ಗೊತ್ತಾಗುತ್ತೆ. ಡೊಮಿಗೆ "ಒಳಗೆ ಬನ್ನಿ ಪುಟ್ಟಮ್ಮ." ನನಗೆ "ಅಣ್ಣ, ಡ್ರೈವರ್‌ಗಳೆಲ್ಲ ಹಿಂದುಗಡೆ, ಊಟ ಕೊಡ್ತಾರೆ." ನಾನು ಡೊಮೀನ ನೋಡಿದೆ. ಅವಳು ಬೂಟು ನೋಡ್ಕೊಳ್ತಿದ್ಲು. ಹಿಂದುಗಡೆ ಹೋದೆ. ಊಟ ಚೆನ್ನಾಗಿತ್ತು.

ಹೊರಡೋವಾಗ, ಸೆಟ್ಟಲ್ಲಿ ನನ್ನ ನೋಡಿದ್ದ ರೆನಾಟಾ ಮಗಳು ಗುರುತು ಹಿಡಿದ್ಲು, ಮಕ್ಕಳೆಲ್ಲ ಸುತ್ತ. "ಅದೇ ಡ್ರೈವರ್! ಜಾಹೀರಾತಲ್ಲಿ ಬರೋನೇ! ಮಾಡ್ಸು, ಮಾಡ್ಸು!" ಡೊಮಿ ಕೈ ಚಾಚಿದ್ಲು. ಕಣ್ಣಲ್ಲಿ ಬೇಡ್ಕೊಂಡ್ಲು. ಬಗ್ಗಿದೆ. ಈ ಸಲ ಕ್ಯಾಮೆರಾ ಇರ್ಲಿಲ್ಲ, ಸಂಬಳ ಇರ್ಲಿಲ್ಲ, ಬೋಸ್ಕೋ ಇರ್ಲಿಲ್ಲ. ನಾನಾಗೇ ಬಗ್ಗಿದೆ, ಮಗಳ ಮಾನ ಉಳೀಲಿ ಅಂತ.

ಬಸ್ಸಲ್ಲಿ ಮೆತ್ತಗೆ ಹೇಳಿದ್ಲು, "ನೀನು ನಮ್ಮಪ್ಪ ಅಂತ ಯಾರಿಗೂ ಹೇಳ್ಲಿಲ್ಲ ಅಪ್ಪ."

"ಯಾಕೆ ಮರಿ?"

"ಚೇಲಾ ಆಂಟಿ ಹೇಳಬೇಡ ಅಂದಿದ್ರಲ್ಲ. ನೀನೂ ಹೂಂ ಅಂದಿದ್ದೆ."

ನಿಜ. ಹೇಳಬಹುದು ಅಂತ ಆಮೇಲೆ ಯಾರೂ ಅವಳಿಗೆ ಹೇಳೇ ಇಲ್ಲ. ಹೇಳೋಕೆ ಬಾಯಿ ತೆಗೆದೆ. ಪಕ್ಕದ ಸೀಟಿನ ಹೆಂಗಸು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡ್ತಿದ್ಲು. ಮೊಬೈಲಲ್ಲಿ ಜನನ ಪತ್ರದ ಫೋಟೋ ಹುಡುಕಿ ಇಟ್ಕೊಂಡೆ. ಸಿಟ್ಟು ಬಂದಿದ್ದು ಆ ಹೆಂಗಸಿನ ಮೇಲಲ್ಲ.


ಆಗಸ್ಟ್ 18, ಭಾನುವಾರ

ರೆಬೆಕಾ ಜೊತೆ ಜಗಳ. ಡೊಮಿ ಕೈ ತಗೊಳ್ಳಲ್ಲ, ನೀನಾದ್ರೂ ಹೇಳು ಅಂದೆ.

"ನಾನ್ಯಾಕೆ ಹೇಳ್ಲಿ? ಬಗ್ಗಿದೋನು ನೀನು."

"ನೀನು ಅಲ್ಲೇ ನಿಂತಿದ್ಯಲ್ಲ."

"ನಿಂತಿದ್ದೆ. ನೀನು ಬೇಡ ಅಂತೀಯ ಅಂತ ಕಾಯ್ತಾ ನಿಂತಿದ್ದೆ." ಪಾತ್ರೆ ತೊಳೀತಿದ್ಲು, ಕೈ ನಿಲ್ಲಿಸಲಿಲ್ಲ. "ನೀನು ಒಂದು ಮಾತು ಅಂದಿದ್ರೆ ಆ ಮೇಡಂ ಕುರ್ಚೀನೇ ಎತ್ತಿ ಒಗೀತಿದ್ದೆ ನಾನು. ಕಾಲು ಎಡವಿತು ಅಂದ್ಯಲ್ಲ... ನನ್ನ ಮಗಳು ಎಡವಿದ್ದಲ್ಲ ಓದಿಲೋನ್."

ಆಚೆ ಕೋಣೆಯಲ್ಲಿ ಡೊಮಿ ಟಿವಿ ಹಾಕಿದ್ಲು. ಅದೇ ಜಾಹೀರಾತಿನ ಹಾಡು.


ಅಕ್ಟೋಬರ್ 20, ಭಾನುವಾರ

ತಂಗಿ ಫ್ಲಾವಿಯಾ ಫೋನು. ಸತ್ತವರ ಹಬ್ಬಕ್ಕೆ ಬರಲೇಬೇಕಂತೆ, ಎರಡು ವರ್ಷ ಆಯ್ತು ಬಂದು. ಊರೆಲ್ಲ ಜಾಹೀರಾತು ನೋಡಿದೆ. ಅಮ್ಮನಿಗೆ ಮಾತ್ರ ಟಿವಿ ಕಾಣಲ್ಲ. ಮೊಮ್ಮಗಳು ಟಿವಿಯಲ್ಲಿ ಬರ್ತಾಳೆ ಅಂತ ಹೇಳಿದ್ದಾರೆ, ಏನು ಮಾಡ್ತಾಳೆ ಅಂತ ಹೇಳಿಲ್ಲ. "ನೀನೇ ಹೇಳ್ಕೊಳಪ್ಪ," ಅಂದ್ಲು. ಸ್ವಲ್ಪ ಕುಟುಕಿಯೇ ಅಂದ್ಲು.

ಅಮ್ಮ ಫೋನ್ ಕಸ್ಕೊಂಡ್ಲು. "ಹುಡುಗಿ ಕೈ ತಗೊಳ್ತಾಳಲ್ವಾ ಮಗಾ?"

"ತಗೊಳ್ತಾಳೆ," ಅಂದೆ.


ಅಕ್ಟೋಬರ್ 31, ಗುರುವಾರ. ಬಸ್ಸು

ಬೆಟ್ಟದ ದಾರಿ. ಡೊಮೀನ ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿದೆ. ಎಲ್ಲಾ ಹೇಳಿದೆ. ಧಣಿ ಮನೆ, ಸಾಲು, ತಲೆ ನೆರೆತ ಮುತ್ತಜ್ಜಿ. ಬಾಯಿ ಬಿಟ್ಕೊಂಡು ಕೇಳಿದ್ಲು.

"ಅಷ್ಟು ಚಿಕ್ಕ ಮಕ್ಕಳಿಗಾ? ನನಗಿಂತ ಚಿಕ್ಕೋರಿಗಾ?"

"ಹೂಂ."

"ಛೀ," ಅಂದ್ಲು. ಆಮೇಲೆ ತಾನಾಗೇ ನನ್ನ ಕೈ ತಗೊಂಡು ತಲೆ ಬಗ್ಗಿಸಿದ್ಲು. "ಅಜ್ಜಿಗೆ ಹೀಗೇ ಮಾಡ್ತೀನಿ. ಗೊತ್ತು ಅಪ್ಪ."

ರೆಬೆಕಾ ನೋಡಿದ್ಲು. ಎಷ್ಟೋ ತಿಂಗಳಾದ ಮೇಲೆ ನನ್ನ ನೋಡಿ ನಕ್ಕಳು. ಎದೆ ಮೇಲಿಂದ ಕಲ್ಲು ಇಳಿದಂಗಾಯ್ತು. ಇಷ್ಟೇ ಇತ್ತಾ, ಹೇಳಿದ್ರೆ ಮುಗೀತಿತ್ತಾ ಅನ್ನಿಸ್ತು.


ನವೆಂಬರ್ 1, ಶುಕ್ರವಾರ. ಮಧ್ಯಾಹ್ನ

ಹಿತ್ತಲಲ್ಲಿ ಕೂತು ಬರೀತಿದೀನಿ. ಒಳಗೆ ಎಲ್ಲಾ ಊಟ ಮಾಡ್ತಿದ್ದಾರೆ.

ಬೆಳಗ್ಗೆಯಿಂದ ಮನೆ ತುಂಬ ಜನ. ಸತ್ತವರಿಗೆ ಎಡೆ ಇಡೋ ದಿನ, ಬರೋರು ಹೋಗೋರು, ರೊಟ್ಟಿ, ಚೆಂಡುಹೂವು, ಹೊಗೆ. ಅಮ್ಮ ಎಡೆಯ ಪಕ್ಕ ಮಣೆ ಮೇಲೆ ಕೂತಿದ್ಲು. ಬಂದ ಮಕ್ಕಳೆಲ್ಲ ಅವಳ ಕೈ ತಗೊಂಡು ಒಳಗೆ ಹೋಗ್ತಿದ್ರು. ಅವಳು ನೋಡದೇನೇ ಕೈ ಮುಂದೆ ಮಾಡ್ತಿದ್ಲು. ನಮ್ಮ ಬಸ್ಸು ಮುಂಚೆ ಬಂದಿದೆ ಅಂತ ಯಾರೂ ಹೇಳಿರ್ಲಿಲ್ಲ.

ಡೊಮಿ ಅಂಗಳ ದಾಟಿ ನೇರ ಅವಳ ಹತ್ರಾನೇ ಹೋದ್ಲು. ಸರಿಯಾಗೇ ಹೋದ್ಲು. ಅಷ್ಟರಲ್ಲಿ ಫ್ಲಾವಿಯಾ ಹುಡುಗ್ರು ಕೂಗಿದ್ರು, "ರಾಣಿ ಬಂದ್ಲು! ಕೈ ತೋರ್ಸು, ಟಿವಿ ಥರ ತೋರ್ಸು!" ಅಂಗಳವೆಲ್ಲ ನಕ್ಕಿತು. ಎಲ್ಲರ ಮೊಬೈಲೂ ಮೇಲಕ್ಕೆ ಬಂತು. ಡೊಮಿ ತಿರುಗಿ ನನ್ನ ನೋಡಿದ್ಲು. ನಾನು ಆಗ ನಗ್ತಿದ್ದೆ. ಮೊಬೈಲ್ ಎತ್ತಿದ್ರೆ ನನ್ನ ಮುಖ ತಾನಾಗೇ ನಗುತ್ತೆ, ಹತ್ತು ವರ್ಷದ ಅಭ್ಯಾಸ. ಅವಳು ಅದನ್ನ ಹೂಂ ಅಂತ ತಿಳ್ಕೊಂಡ್ಲು.

ಕೈ ಚಾಚಿದ್ಲು. ಅಂಗೈ ಕೆಳಗೆ, ಮಣಿಕಟ್ಟು ಸಡಿಲ.

ಅಮ್ಮನ ಕೈ ಗಾಳಿಯಲ್ಲಿ ತಡಕಾಡ್ತಾ ಆ ಕೈ ಮುಟ್ಟಿತು. ಮುಟ್ಟಿ ನಿಂತಿತು. ಅವಳ ಮುಖದಲ್ಲಿದ್ದ ನಗು ಹೋಯ್ತು. ಮಣೆ ಮೇಲಿಂದ ಎದ್ದಳು, ಯಾರ ಆಸರೆನೂ ಇಲ್ಲದೆ, ಬೇಗ ಬೇಗ, ತಡವಾಯ್ತು ಅನ್ನೋ ಹಾಗೆ. ಎದ್ದು ಬಗ್ಗಿದ್ಲು. ಬಗ್ಗಿ ಮುತ್ತು ಕೊಟ್ಲು.

ಜನ ಚಪ್ಪಾಳೆ ತಟ್ಟಿದ್ರು. ಅಮ್ಮ ಬಗ್ಗಿಯೇ ಇದ್ಲು. ತಲೆ ಎತ್ತದೆ ಕೇಳಿದ್ಲು, "ಯಾರ ಮನೆ ಮಗುವವ್ವ ನೀನು?"

ಡೊಮಿ ಬಾಯಿ ತೆಗೆದ್ಲು. ಮುಚ್ಚಿದ್ಲು. ನನ್ನ ಕಡೆ ನೋಡಿದ್ಲು, ಹೇಳಬಹುದಾ ಅಪ್ಪ ಅಂತ. ನಾನು ಇನ್ನೂ ನಗ್ತಾನೇ ಇದ್ದೆ.